ಅತ್ತಿ ಹೆಸರಿನಾಕಿ

ಕರೇಹಳ್ಳ,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ತೊಂಬತ್ತೊಂದು.

ಕರೇಹಳ್ಳ ಗಿರಣಿ ಕಾರ್ಮಿಕರ ಸ್ಮಾರಕ ಸಮಿತಿಯ ಕಾರ್ಯದರ್ಶಿಗಳಾದ ಗುರುಪಾದಪ್ಪ ಕೆಂಭಾವಿ ಮಾಸ್ತರರಿಗೆ,

ತಾರೀಖು ನೋಡಿ ಕಾಗದ ಹರಿಯಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಬೇಸಿಗೆಯ ತಿಂಗಳುಗಳಿಂದ ಒಂದೊಂದು ದಿನ ಕಿತ್ತು ತಂಪಿನ ತಿಂಗಳುಗಳಿಗೆ ಸೇರಿಸಿದರೆ ಜನಕ್ಕೆ ಸಮಾಧಾನವಾದೀತು ಎಂದು ಯಾರೋ ಪುಣ್ಯಾತ್ಮರು ಕಾನೂನು ಮಾಡಿದರು. ಬಿಸಿಲು ಆ ಕಾನೂನು ಓದಲಿಲ್ಲ. ನನ್ನ ಭಾಷೆ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರಹದ ಕನ್ನಡವನ್ನು ನಾವು ಅಚ್ಚುಗನ್ನಡ ಎನ್ನುತ್ತೇವೆ. ಅದನ್ನು ಮೂರು ತಿಂಗಳು ಕೂತು ಕಲಿತು ಈ ಕಾಗದ ಬರೆಯುತ್ತಿದ್ದೇನೆ. ಅಲ್ಲಲ್ಲಿ ನಮ್ಮ ಕಾಲದ ಮಾತು ನುಸುಳಿದರೆ ಅರ್ಥವನ್ನು ಅಲ್ಲೇ ಹೇಳುತ್ತೇನೆ. ನೀವು ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯ ಮಾಸ್ತರಾಗಿದ್ದವರು, ಕೆಂಪು ಪೆನ್ನು ಹಿಡಿದು ನನ್ನ ಕಾಗುಣಿತ ತಿದ್ದುವ ಮೊದಲು ನಿಮ್ಮ ತಪ್ಪೊಂದನ್ನು ತಿದ್ದಿಕೊಳ್ಳುವುದಿದೆ. ಅದಕ್ಕಾಗಿಯೇ ಈ ಕಾಗದ.

ಇದು ನಿಮಗೆ ತಲುಪುವುದು ಹಿನ್ನಂಚೆಯಿಂದ. ಹಿಂದಿನ ಕಾಲಕ್ಕೆ ಕಾಗದ ಕಳಿಸುವ ವ್ಯವಸ್ಥೆಗೆ ನಾವಿಟ್ಟ ಹೆಸರು ಅದು. ಅದು ಹೇಗೆ ನಡೆಯುತ್ತದೆ ಎಂದು ಕೇಳಬೇಡಿ. ನನಗೂ ಗೊತ್ತಿಲ್ಲ, ಅಂಚೆಯವರಿಗೂ ಸರಿಯಾಗಿ ಗೊತ್ತಿದ್ದಂತಿಲ್ಲ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಯುದ್ಧದ ಸುದ್ದಿ ಬರೆಯುವಂತಿಲ್ಲ, ರೋಗದ ಸುದ್ದಿ ಬರೆಯುವಂತಿಲ್ಲ, ಯಾರು ಯಾವಾಗ ಸಾಯುತ್ತಾರೆ ಎಂದು ಬರೆದರೆ ಅಲ್ಲೇ ಕಪ್ಪು ಮಸಿ ಬಳಿಯುತ್ತಾರೆ. ದೊಡ್ಡದನ್ನು ತಿದ್ದಲು ಬಿಡುವುದಿಲ್ಲ, ಸಣ್ಣದನ್ನು ತಿದ್ದಬಹುದು. ನಮ್ಮ ಪಕ್ಕದ ಮನೆಯ ಸಂಗಣ್ಣ ತನ್ನ ಕಾಗದವನ್ನು ಇಪ್ಪತ್ತು ವರ್ಷದ ತನಗೇ ಬರೆದು, ಈ ಮದುವೆ ಬೇಡ ಎಂದು ತಿಳಿಸಿದ. ಇಪ್ಪತ್ತರ ಸಂಗಣ್ಣ ಅದನ್ನು ಓದಿ, ಗೆಳೆಯರು ಚೇಷ್ಟೆ ಮಾಡಿದ್ದಾರೆಂದು ನಕ್ಕು, ಹೋಗಿ ತಾಳಿ ಕಟ್ಟಿದ. ಆದ್ದರಿಂದ ಈ ಕಾಗದವನ್ನು ಚೇಷ್ಟೆ ಎಂದು ತಿಳಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನನ್ನ ಹತ್ತಿರ ಇರುವುದು ಇದೊಂದೇ.

ನನ್ನ ಹೆಸರು ಬಾನವ್ವ. ನಿಮ್ಮ ಕಾಲದಲ್ಲಿ ಹೆಸರಿನ ಕೊನೆಗೆ ಅವ್ವ ಎಂದಿದ್ದರೆ ಹುಡುಗಿಯರು ನಾಚಿಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ಅದು ಮತ್ತೆ ಮೆರೆಯುತ್ತಿದೆ. ನನಗೆ ಅರವತ್ತಮೂರು ವರ್ಷ, ಕೆಲಸ ಚಪ್ಪರಗಿತ್ತಿ. ಅಂದರೆ ಬೀದಿಗಳ ಮೇಲೆ ಈ ಮನೆಯಿಂದ ಆ ಮನೆಗೆ ಹಾಸುವ ನೆರಳುಬಟ್ಟೆಯನ್ನು ಹೊಲಿಯುವವಳು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಮ್ಮ ಊರು ಬಾಗಿಲು ಹಾಕಿಕೊಂಡು ಮಲಗುತ್ತದೆ, ಆ ಹೊತ್ತಿಗೆ ಬಿಸಿಮೌನ ಎನ್ನುತ್ತೇವೆ. ಅದರ ಆಚೆ ಈಚೆ ಏನೇ ನಡೆಯಬೇಕಾದರೂ ಬಟ್ಟೆಯ ಕೆಳಗೇ ನಡೆಯಬೇಕು. ಸಂತೆ, ಶಾಲೆ, ಮದುವೆ, ಜಗಳ, ಎಲ್ಲವೂ. ಗಾಳಿ ಬಂದ ಮರುದಿನ ಬಟ್ಟೆ ಹರಿದಿರುತ್ತದೆ, ನಾವು ಹನ್ನೆರಡು ಮಂದಿ ಹೆಂಗಸರು ಏಣಿ ಹತ್ತಿ ಹೊಲಿಯುತ್ತೇವೆ. ಬೆರಳ ತುದಿ ಮರಗಟ್ಟಿ ಹೋಗಿದೆ, ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತೇನೆ. ಇದನ್ನು ಹೇಳುತ್ತಿರುವುದು ಕನಿಕರಕ್ಕಲ್ಲ. ಕೈಯಿಂದ ದುಡಿಯುವವಳು ಬರೆಯುತ್ತಿದ್ದಾಳೆ ಎಂಬುದು ನಿಮಗೆ ಗೊತ್ತಿರಲಿ ಎಂದು.

ಈಗ ನಿಮ್ಮ ಸ್ಮಾರಕದ ಸಂಗತಿಗೆ ಬರುತ್ತೇನೆ. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಮಾರ್ಚ್ ಹನ್ನೆರಡರಂದು ಕರೇಹಳ್ಳದ ನೂಲಿನ ಗಿರಣಿಯ ರೀಲಿಂಗ್ ಖಾತೆಗೆ, ಅಂದರೆ ನೂಲನ್ನು ಲಡಿ ಸುತ್ತುವ ಕೋಣೆಗೆ, ಬೆಂಕಿ ಬಿದ್ದು ಹದಿನೇಳು ಜನ ಸತ್ತರು. ಐವತ್ತೆರಡು ವರ್ಷ ಕಳೆದ ಮೇಲೆ ನಿಮ್ಮ ಸಮಿತಿ ಅವರಿಗೊಂದು ಕಲ್ಲು ನಿಲ್ಲಿಸಲು ಹೊರಟಿದೆ. ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ಆ ಕಲ್ಲು ನಮ್ಮ ಕಾಲದಲ್ಲೂ ಇದೆ, ಮೂರು ಜಾಗ ಬದಲಾಯಿಸಿದೆ ಅಷ್ಟೇ. ಪ್ರತಿವರ್ಷ ಮಾರ್ಚ್ ಹನ್ನೆರಡರ ಬೆಳಿಗ್ಗೆ ಆರಕ್ಕೆ ಅದರ ಮುಂದೆ ಕೂಗುದಿನ ನಡೆಯುತ್ತದೆ. ಕೂಗಾಳು ಎಂಬ ಸರಕಾರಿ ನೌಕರನೊಬ್ಬ ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾನೆ, ಆ ವಂಶದವರು ಎದ್ದು ನಿಂತು ಗಿರಣಿಯ ಹಾಜರಿಯಲ್ಲಿ ಹೇಳುತ್ತಿದ್ದಂತೆ ಹಾಜರ್ ಎನ್ನಬೇಕು. ಒಂಬತ್ತನೆಯ ಹೆಸರು ಕಾಶವ್ವ ಬಸಪ್ಪ ಹುಣಸೀಮರದ. ಅದಕ್ಕೆ ಎದ್ದು ನಿಲ್ಲುವವಳು ನಾನು, ಆಕೆಯ ಏಳನೆಯ ತಲೆಮಾರು. ಕೊರಳಿಗೆ ಹಾರ ಹಾಕುತ್ತಾರೆ, ಪಟ ತೆಗೆಯುತ್ತಾರೆ, ನಾನು ಹಲ್ಲು ಕಚ್ಚಿಕೊಂಡು ನಿಲ್ಲುತ್ತೇನೆ. ಹನ್ನೊಂದು ವರ್ಷದಿಂದ ನಿಂತಿದ್ದೇನೆ ಮಾಸ್ತರೇ. ಸಾಕಾಗಿ ಹೋಗಿದೆ.

ಮೊದಲು ಆ ಮೂರ್ತಿಯ ಮಾತು ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯ ಉರಿ ಆರುವುದಿಲ್ಲ. ಕಲ್ಲಿನ ಪಕ್ಕದಲ್ಲಿ ನೀವು ನಿಲ್ಲಿಸಿರುವವನು ಯಾರು? ತೋಳಿನ ಮಾಂಸ ಉಬ್ಬಿಸಿಕೊಂಡು, ಮೀಸೆ ತಿರುವಿಕೊಂಡು, ಹೆಗಲ ಮೇಲೆ ಇಷ್ಟುದ್ದದ ಸುತ್ತಿಗೆ ಹೊತ್ತವನು! ನೂಲಿನ ಗಿರಣಿಯಲ್ಲಿ ಸುತ್ತಿಗೆ ಯಾಕ್ರೀ? ಸತ್ತ ಹದಿನೇಳರಲ್ಲಿ ಹದಿನಾಲ್ಕು ಮಂದಿ ಹೆಂಗಸರು. ಅವರ ಕೈಯಲ್ಲಿದ್ದದ್ದು ನೂಲಿನ ಎಳೆ, ಬಾಯಲ್ಲಿದ್ದದ್ದು ಎಲೆ ಅಡಿಕೆ. ಅಂಗಡಿಯಲ್ಲಿ ಸಿದ್ಧವಾಗಿ ನಿಂತಿದ್ದ ಮೂರ್ತಿಯನ್ನು ಲಾರಿಗೆ ಹೇರಿಕೊಂಡು ಬಂದಿರಿ ಅಷ್ಟೇ ತಾನೇ? ಈಗ ನಮ್ಮ ಶಾಲೆಯ ಪುಸ್ತಕದಲ್ಲಿ, ಹಿಂದಿನ ಜನ ಹತ್ತಿಯನ್ನು ಸುತ್ತಿಗೆಯಿಂದ ಬಡಿದು ನೂಲು ತೆಗೆಯುತ್ತಿದ್ದರು ಎಂದು ಬರೆದಿದೆ. ನನ್ನ ಮೊಮ್ಮಗಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಪಾಸಾದಳು. ನಾನು ತಪ್ಪು ಎಂದು ಹೇಳಲು ಹೋದರೆ, ಸುಮ್ಮನಿರಜ್ಜಿ, ಮೂರ್ತಿನೇ ಐತಲ್ಲ ಎಂದಳು.

ಇನ್ನೊಂದು ಮಾತು, ನಿಮಗೆ ಸಂತೋಷವಾದೀತೋ ಗಾಬರಿಯಾದೀತೋ ನೋಡಿ. ಕಲ್ಲಿನ ನೆತ್ತಿಯ ಮೇಲೆ ಸಮಿತಿಯವರ ಹೆಸರುಗಳನ್ನು ಸತ್ತವರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಕೆತ್ತಿಸಿದ್ದೀರಿ. ಮಳೆ ಬಿಸಿಲಿಗೆ ನೆತ್ತಿಯ ಮೇಲಿನ ಉಳಿದ ಹೆಸರುಗಳೆಲ್ಲ ಸವೆದು ಈಗ ಅಲ್ಲಿ ಓದಲು ಬರುವುದು ಗುರುಪಾದಪ್ಪ ಕೆಂಭಾವಿ ಎಂಬುದೊಂದೇ. ಕಾರ್ಯದರ್ಶಿ ಎಂಬ ಮಾತು ಅಳಿಸಿದೆ. ಆದ್ದರಿಂದ ಕೂಗಾಳು ನಿಮ್ಮನ್ನೂ ಸೇರಿಸಿ ಹದಿನೆಂಟು ಹೆಸರು ಕೂಗುತ್ತಾನೆ. ನೀವು ಬೆಂಕಿಯಲ್ಲಿ ಎಂಟು ಜನರನ್ನು ಹೊತ್ತು ತಂದು ಒಂಬತ್ತನೆಯವರಿಗಾಗಿ ಒಳಗೆ ಹೋದವರು ಮರಳಿ ಬರಲಿಲ್ಲವೆಂದು ಒಂದು ಲಾವಣಿ ಕೂಡ ಇದೆ. ಆ ದಿನ ನೀವು ಏಳನೇ ತರಗತಿಯ ಪರೀಕ್ಷೆಗೆ ಓದುತ್ತಿದ್ದಿರಿ ಎಂದು ನಾನು ಹೇಳಿದರೆ ಜನ ನನ್ನ ಮೇಲೇ ಹರಿಹಾಯುತ್ತಾರೆ.

ನಗಬಹುದು. ನಾನೂ ಮೊದಲು ನಗುತ್ತಿದ್ದೆ. ಆಮೇಲೆ ಒಂದು ದಿನ ಏಣಿಯ ಮೇಲೆ ಕೂತು ಹೊಲಿಗೆ ಹಾಕುತ್ತಿದ್ದಾಗ ಒಂದು ಸಣ್ಣ ಲೆಕ್ಕ ತಲೆಗೆ ಹೊಳೆಯಿತು. ಕಾಶವ್ವ ಸತ್ತದ್ದು ಮಾರ್ಚ್ ಹನ್ನೆರಡರ ಮಧ್ಯಾಹ್ನ ಎಂದು ಕಲ್ಲು ಹೇಳುತ್ತದೆ. ಆಕೆಯ ಮಗಳು ಉಳವವ್ವ, ಯಾರಿಂದ ನಮ್ಮ ವಂಶ ಬೆಳೆಯಿತೋ ಅವಳು, ಹುಟ್ಟಿದ್ದು ಅದೇ ಮಾರ್ಚ್ ಹನ್ನೆರಡರ ಸಂಜೆ. ಮಧ್ಯಾಹ್ನ ಸತ್ತವಳು ಸಂಜೆ ಹೇಗೆ ಹಡೆದಳು? ಊರಿನವರಿಗೆ ಇದು ಗೊತ್ತಿಲ್ಲವೆಂದಲ್ಲ. ಗೊತ್ತಿದೆ, ಅದನ್ನು ಪವಾಡ ಮಾಡಿಕೊಂಡಿದ್ದಾರೆ. ಕಾಶವ್ವ ಚಿತೆಯ ಮೇಲೆ ಹಡೆದಳಂತೆ. ನಮ್ಮದು ಬೂದಿಯ ವಂಶವಂತೆ. ಬಸುರಿಯರು ಬಂದು ನನ್ನ ಕೈಯಿಂದ ಹೊಟ್ಟೆ ಸವರಿಸಿಕೊಂಡು ಹೋಗುತ್ತಾರೆ. ಸೂಜಿ ಚುಚ್ಚಿ ಚುಚ್ಚಿ ಮರಗಟ್ಟಿದ ಈ ಬೆರಳುಗಳಲ್ಲಿ ಏನಿದೆಯಪ್ಪಾ ಎಂದರೆ ಕೇಳುವವರಿಲ್ಲ. ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, ಕಲ್ಲಿನ ಮೇಲೆ ಬರೆದದ್ದು ತಪ್ಪಿರಬಹುದು ಎನ್ನಬಾರದೇ?

ಉತ್ತರ ನಮ್ಮ ಮನೆಯಲ್ಲೇ ಇತ್ತು. ಉಳವವ್ವನ ಮಗಳು ಮಾನಸಾ, ನಿಮ್ಮ ಕಾಲದವಳು, ಕಾಲೇಜಿನ ಯಾವುದೋ ಪ್ರಾಜೆಕ್ಟಿಗೆಂದು ತನ್ನ ಆಯಿಯ, ಅಂದರೆ ಕಾಶವ್ವನ, ಮಾತನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಹೌದು, ಕಾಶವ್ವ ಬದುಕಿದ್ದಾಳೆ. ನೀವು ಈ ಕಾಗದ ಓದುತ್ತಿರುವ ಹೊತ್ತಿಗೆ ಆಕೆಗೆ ಎಪ್ಪತ್ತೆಂಟು ವರ್ಷ, ನಿಮ್ಮ ಮನೆಯಿಂದ ನಾಲ್ಕು ಓಣಿ ಆಚೆ ಗಿರಣಿ ಲೈನಿನ, ಅಂದರೆ ಕಾರ್ಮಿಕರ ವಸತಿಯ, ಎರಡನೇ ಸಾಲಿನಲ್ಲಿ ಕಟ್ಟೆಯ ಮೇಲೆ ಕೂತಿದ್ದಾಳೆ. ಹನ್ನೊಂದು ನಿಮಿಷದ ಆ ಧ್ವನಿ ಮನೆಯ ಹಳೆಯ ನೆನಪುಡಬ್ಬಿಯಲ್ಲಿ, ಸತ್ತವರ ಫೋನುಗಳ ಸರಕನ್ನೆಲ್ಲ ತುಂಬಿಡುವ ಪೆಟ್ಟಿಗೆಯಲ್ಲಿ, ಯಾರದೋ ನಾಯಿಮರಿಯ ನಾಲ್ಕು ಸಾವಿರ ಪಟಗಳ ಕೆಳಗೆ ಬಿದ್ದಿತ್ತು. ಅದನ್ನು ನಾನು ಇಷ್ಟು ಸಲ ಕೇಳಿದ್ದೇನೆ ಎಂದರೆ ಈಗ ಬರೆಯುವಾಗ ಕಾಶವ್ವ ಪಕ್ಕದಲ್ಲೇ ಕೂತು ಹೇಳಿದಂತಾಗುತ್ತದೆ. ಆಕೆ ಹೇಳಿದ್ದನ್ನು ಹೇಳಿದಂತೆಯೇ ಇಳಿಸುತ್ತೇನೆ.

“ಅವತ್ತ ಬೆಳಿಗ್ಗೆನ ಬ್ಯಾನಿ ಚಾಲೂ ಆತು ನೋಡ. ರಜಾ ಮುಂದಿನ ವಾರದಿಂದ ಬರಸಿದ್ದೆ, ನಿಮ್ಮವ್ವ ಅವಸರ ಮಾಡಿದ್ಲು. ಹೇಳದ ಕೇಳದ ಖಾಡೆ ಆದ್ರ ಹೆಸರು ಹೊಡೀತಿದ್ರು ಆವಾಗ. ನಾ ಅಳಕೋತ ಕುಂತಿದ್ದೆ. ಅಷ್ಟ್ರಾಗ ಆಕಿ ಬಂದ್ಲು. ‘ಏ ಕಾಶಿ, ತಾ ಇಲ್ಲೆ ಬಿಲ್ಲೆ, ನಾ ಹೋಗಿ ಬರ್ತೀನಿ. ನೀ ಹಡದು ಹಗುರಾಗು’ ಅಂದ್ಲು. ನನ್ನ ಕೊಳ್ಳಾಗಿನ ಬಿಲ್ಲೆ ತಗದು ಆಕಿ ಕೊಳ್ಳಾಗ ಹಾಕಿದೆ. ನನ್ನ ಈ ಕೈಲೆನ ಹಾಕಿದೆ, ಮಾನಸಾ. ಮಧ್ಯಾನ್ಹ ಎರಡಕ್ಕ ಸೈರನ್ ಕೂಗಿತು. ಹೊತ್ತಲ್ಲದ ಹೊತ್ತಿನ್ಯಾಗ ಕೂಗಿದ್ರ ಏನಂತ ಲೈನಿನಾಗ ಎಲ್ಲಾರಿಗೂ ಗೊತ್ತು. ಸಂಜಿಮುಂದ ನಾ ನಿಮ್ಮವ್ವನ್ನ ಹಡದೆ. ಅಷ್ಟೊತ್ತಿಗೆ ಆಫೀಸಿನ್ಯಾಗ ನಾ ಸತ್ತಿದ್ದೆ.”

ಬ್ಯಾನಿ ಎಂದರೆ ಹೆರಿಗೆಯ ನೋವು. ಖಾಡೆ ಎಂದರೆ ಗೈರುಹಾಜರಿ, ಅದಕ್ಕೆ ಹೆಸರು ಹೊಡೆದು ಕೆಲಸದಿಂದ ತೆಗೆಯುತ್ತಿದ್ದರು. ಬಿಲ್ಲೆ ಎಂದರೆ ನಂಬರು ಕೊರೆದ ಹಿತ್ತಾಳೆಯ ತುಂಡು, ಗೇಟಿನಲ್ಲಿ ಮುಖ ನೋಡುವವರಿಲ್ಲ, ಬಿಲ್ಲೆ ನೋಡುವವರು. ಕಾಯಂ ಆದವಳಿಗೆ ಅಡಚಣೆಯಾದರೆ, ಕೆಲಸಕ್ಕಾಗಿ ಕಾದುಕೊಂಡಿರುವ ಇನ್ನೊಬ್ಬಳು ಅದೇ ಬಿಲ್ಲೆ ಕಟ್ಟಿಕೊಂಡು ಒಳಗೆ ಹೋಗುವುದಕ್ಕೆ ಗಿರಣಿಯವರು ಕೈಬದಲಿ ಎನ್ನುತ್ತಿದ್ದರು. ಆಫೀಸಿಗೆ ಗೊತ್ತಾಗದಂತೆ ನಡೆಯುತ್ತಿದ್ದ ಈ ಪದ್ಧತಿ ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಸಿಕ್ಕಿಬಿದ್ದರೆ ಇಡೀ ಮನೆಯವರ ಕೆಲಸ ಹೋಗುತ್ತಿತ್ತು. ಗುರುತು ಸಿಗದ ದೇಹದ ಮೇಲೆ ಇನ್ನೂರ ಹನ್ನೆರಡು ಎಂಬ ಬಿಲ್ಲೆ ಸಿಕ್ಕಿತು, ಪುಸ್ತಕದಲ್ಲಿ ಇನ್ನೂರ ಹನ್ನೆರಡು ಎಂದರೆ ಕಾಶವ್ವ. ಅದೇ ಗಿರಣಿಯಲ್ಲಿದ್ದ ಗಂಡನ ಕೆಲಸ ಉಳಿಯಬೇಕಾದರೆ ಆಕೆ ಸತ್ತಿರಲೇಬೇಕಿತ್ತು. ಮಗುವನ್ನು ಎತ್ತಿಕೊಂಡು ತವರಿಗೆ ಹೋಗಿ ವರ್ಷವೊಪ್ಪತ್ತು ಅಡಗಿದ್ದು, ಮರಳಿ ಬಂದು ಅದೇ ಲೈನಿನಲ್ಲಿ ಐವತ್ತು ವರ್ಷ ರೊಟ್ಟಿ ಬಡಿದಳು. ಗಿರಣಿಯೇ ಮುಚ್ಚಿಹೋಯಿತು. ಇಡೀ ಲೈನಿಗೆ ಗೊತ್ತಿದ್ದ ಸಂಗತಿ ಇದು. ಗೊತ್ತಿಲ್ಲದವರು ನೀವೊಬ್ಬರೇ, ಯಾಕೆಂದರೆ ನೀವು ಹೋದದ್ದು ಕಚೇರಿಗೆ, ಲೈನಿಗಲ್ಲ. ಹಳೆಯ ಹಾಜರಿ ಪುಸ್ತಕದ ಧೂಳು ಕೊಡವಿ ಹದಿನೇಳು ಹೆಸರು ನಕಲು ಮಾಡಿಕೊಂಡು, ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡಿರಿ.

ಹಾಗಾದರೆ ಸತ್ತವಳು ಯಾರು? ಅದೇ ನನಗೆ ಗೊತ್ತಿಲ್ಲ ಮಾಸ್ತರೇ. ಗೊತ್ತಿದ್ದರೆ ಈ ಕಾಗದ ಯಾಕೆ ಬರೆಯುತ್ತಿದ್ದೆ? ಮಾನಸಾ ಕೇಳಿದ್ದಾಳೆ, ಕೇಳಿಲ್ಲವೆಂದಲ್ಲ. ಮುಂದಿನ ಮಾತು ಕೇಳಿ, ನಿಮಗೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

“ಆಕಿ ಹೆಸರೇನ ಆಯಿ?”

“ಹೆಂಗ ಹೇಳ್ಲೆ ಅದನ್ನ? ನಮ್ಮತ್ತಿ ಹೆಸರಿನಾಕಿ.”

“ಹಂಗಾರ ಅತ್ತಿ ಹೆಸರರ ಹೇಳು.”

“ಏ ಹುಚ್ಚಿ! ಅತ್ತಿ ಹೆಸರು ಬಾಯಿಲೆ ಅಂತಾರೇನ?”

ಇಲ್ಲಿ ಹಿಂದಿನಿಂದ ಇನ್ನೊಬ್ಬ ಮುದುಕಿಯ ದನಿ ಬರುತ್ತದೆ. “ನಾ ಹೇಳ್ಲೇನ?” ಎನ್ನುತ್ತದೆ. ಕಾಶವ್ವ, “ಬೀಬಿಜಾನ, ನೀ ಸುಮ್ಕಿರ” ಎಂದು ಗದರುತ್ತಾಳೆ. ಎಲ್ಲರೂ ನಗುತ್ತಾರೆ. ಆಮೇಲೆ ನಮ್ಮ ಮಾನಸಾ, ಅವಳ ಹೊಟ್ಟೆ ತಣ್ಣಗಿರಲಿ, ಕೈಯಲ್ಲಿದ್ದ ಹಾಳೆ ನೋಡಿಕೊಂಡು ಮುಂದಿನ ಪ್ರಶ್ನೆ ಕೇಳುತ್ತಾಳೆ: “ಗಿರಣ್ಯಾಗ ಊಟಕ್ಕ ಏನ್ ಒಯ್ತಿದ್ರಿ?” ಹೇಳುತ್ತೇನೆ ಎಂದು ಬಾಯಿ ತೆರೆದವಳು ಪಕ್ಕದಲ್ಲೇ ಕೂತಿದ್ದಾಳೆ, ಈ ಹುಡುಗಿಗೆ ರೊಟ್ಟಿ ಪಲ್ಯದ ಚಿಂತೆ! ಮೊದಲ ಸಲ ಕೇಳಿದಾಗ ನಾನು ಎದ್ದು ನಿಂತು, ಕೇಳೇ, ಅವಳನ್ನು ಕೇಳೇ ಎಂದು ಒದರಿದೆ. ನೂರ ಅರವತ್ತೈದು ವರ್ಷದ ಹಿಂದಿನ ಹುಡುಗಿಗೆ ನನ್ನ ದನಿ ಹೇಗೆ ಕೇಳೀತು? ಸಂಗಣ್ಣನ ಹೆಂಡತಿ ಏನಾಯಿತೆಂದು ಓಡಿ ಬಂದಳು.

ಸೊಸೆ ಅತ್ತೆಯ ಹೆಸರು ಹೇಳಬಾರದು ಎಂಬ ನಿಮ್ಮ ಕಾಲದ ಕಟ್ಟಳೆ ನಮಗೆ ಮರೆತೇ ಹೋಗಿತ್ತು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಹೆಸರಷ್ಟೇ ಅಲ್ಲ, ಹೆಸರಿನಂತೆ ಕೇಳುವ ಮಾತನ್ನೂ ಆಡುತ್ತಿರಲಿಲ್ಲವಂತೆ. ಆ ಧ್ವನಿಯ ಶುರುವಿನಲ್ಲಿ ಕಾಶವ್ವ, “ಮಾನಸಾ, ಚಾಕ್ಕ ಬಿಳಿಬೆಲ್ಲ ಒಂದ್ ಚಮಚೆ ಹೆಚ್ಚಿಗಿ ಹಾಕವ್ವಾ” ಎನ್ನುತ್ತಾಳೆ. ಇದನ್ನು ಕೇಳಿದ, ಹಳೆಯ ದಾಖಲೆ ಕಾಯುವ ನಮ್ಮ ನೆನಪುಕಚೇರಿಯ ಪಂಡಿತರೊಬ್ಬರು ಬಿಳಿಬೆಲ್ಲ ಎಂಬುದು ಗಿರಣಿ ಕಾರ್ಮಿಕರ ಪ್ರಾಚೀನ ತಿನಿಸು ಎಂದು ದೊಡ್ಡ ಪ್ರಬಂಧ ಬರೆದರು. ಈಗ ಕೂಗುದಿನದ ಬೆಳಿಗ್ಗೆ ಬೆಲ್ಲಕ್ಕೆ ಸುಣ್ಣದ ನೀರು ಹಾಕಿ ಬಿಳುಚಿಸಿ ಚಹಾದಲ್ಲಿ ಕದಡಿ ಎಲ್ಲರಿಗೂ ಕೊಡುತ್ತಾರೆ. ಸಾಬೂನು ನೆಕ್ಕಿದಂತಿರುತ್ತದೆ, ಕಣ್ಣು ಮುಚ್ಚಿ ನುಂಗಬೇಕು. ಪಂಡಿತರೇ, ಆಕೆ ಹೇಳಿದ್ದು ಸಕ್ಕರೆ! ಅತ್ತೆಯ ಹೆಸರು ಬಾಯಿಗೆ ಬರಬಾರದೆಂದು ಸಕ್ಕರೆಯನ್ನು ಬಿಳಿಬೆಲ್ಲ ಮಾಡಿದ್ದಾಳೆ. ಅಂದರೆ ಅತ್ತೆಯ ಹೆಸರು ಸಕ್ರವ್ವ ಇರಬಹುದು, ಸಕ್ಕೂಬಾಯಿ ಇರಬಹುದು, ಸಕ್ಕವ್ವ ಇರಬಹುದು. ಬೆಂಕಿಯಲ್ಲಿ ಹೋದವಳ ಹೆಸರೂ ಅದೇ. ಮೂರರಲ್ಲಿ ಯಾವುದು ಎಂದು ಇಂದು ಭೂಮಿಯ ಮೇಲೆ ಹೇಳಬಲ್ಲವರು ಒಬ್ಬರೂ ಇಲ್ಲ.

ಇಷ್ಟನ್ನೂ ಹಿಡಿದುಕೊಂಡು ನೆನಪುಕಚೇರಿಗೆ ನಾಲ್ಕು ಸಲ ಹೋದೆ. ಅಲ್ಲಿನ ಸಾಹೇಬರು ಒಳ್ಳೆಯವರೇ, ಕುರ್ಚಿ ಕೊಟ್ಟು ನೀರು ಕೊಟ್ಟರು. ನನ್ನ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. “ಬಾನವ್ವಾರ, ಧ್ವನಿ ಅಂದ್ರ ಮಾತು. ಮಾತು ಹೆಂಗರ ಇರಬಹುದು. ಕಲ್ಲು ಸುಳ್ಳು ಹೇಳೂದಿಲ್ರಿ” ಎಂದರು. “ಹೇಳತೈತ್ರಿ ಸಾಹೇಬ್ರ, ಬರಸಿದಾವ ಸುಳ್ಳು ಬರಸಿದ್ರ ಕಲ್ಲು ಏನ್ ಮಾಡೀತು?” ಎಂದೆ. ಕಲ್ಲೇ ಮೊದಲ ಸಾಕ್ಷಿ ಎಂದು ಅವರ ಕಾಯಿದೆ ಇದೆ. ಕಾಶವ್ವನ ಹೆಸರು ತೆಗೆಯಬೇಕಾದರೆ ಅಲ್ಲಿ ಬೇರೆ ಹೆಸರು ಬರಬೇಕು, ಆ ಹೆಸರು ಅನುಮಾನದ್ದಾಗಿರಬಾರದು. ನಾಲ್ಕನೆಯ ಸಲ ಹೋದಾಗ ಅವರು ಸ್ವಲ್ಪ ಬೇಸರದಿಂದಲೇ, “ಹೋಗ್ಲಿ ಬಿಡ್ರಿ, ಯಾರೋ ಒಬ್ಬಾಕಿ. ಈಗ ಆಕಿಗೇನು ಬೇಕಾಗೈತಿ?” ಎಂದರು. ಯಾರೋ ಒಬ್ಬಾಕಿ! ಆಕೆ ಹೋಗದಿದ್ದರೆ ಹೊಟ್ಟೆಯಲ್ಲಿದ್ದ ಉಳವವ್ವನ ಸಮೇತ ಕಾಶವ್ವ ಸುಟ್ಟುಹೋಗುತ್ತಿದ್ದಳು. ಮಾನಸಾ ಇಲ್ಲ, ನಾನಿಲ್ಲ, ನನ್ನ ಮಕ್ಕಳು ಮೊಮ್ಮಕ್ಕಳು ಇಲ್ಲ. ನಾವು ನಲವತ್ತೊಂದು ಜನ ಆಕೆಯ ಬದಲಿಗೆ ಉಣ್ಣುತ್ತಿದ್ದೇವೆ, ಆಕೆಯ ಬದಲಿಗೆ ಹಾರ ಹಾಕಿಸಿಕೊಳ್ಳುತ್ತಿದ್ದೇವೆ. ಆ ದಿನ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಸಿಟ್ಟಿಗೆ ಅತ್ತೆನೋ ನಾಚಿಕೆಗೆ ಅತ್ತೆನೋ ತಿಳಿಯದು.

ಹಿನ್ನಂಚೆಯ ಕಾಗದವನ್ನು ಒಂದು ಕಲ್ಲಿಗಾಗಿ ಖರ್ಚು ಮಾಡುತ್ತೀಯಾ ಎಂದು ನನ್ನ ಮಗ ಮೂಗು ಮುರಿದ. ಸತ್ತ ಅಪ್ಪನಿಗೆ ಬರೆ ಎಂದ, ಚಿಕ್ಕವಳಿದ್ದಾಗಿನ ನಿನಗೇ ಬರೆ ಎಂದ. ಅವನದೂ ತಪ್ಪಲ್ಲ. ಗಂಡನಿಗೆ ಬರೆಯುವ ಆಸೆ ನನಗೂ ಇತ್ತು, ಎರಡು ಸಲ ಶುರು ಮಾಡಿ ಹರಿದೆ. ಆತನ ಹೆಸರು ಎಲ್ಲರಿಗೂ ಗೊತ್ತು, ಆತನ ಗೋರಿ ಎಲ್ಲಿದೆ ಎಂದೂ ಗೊತ್ತು. ಆಕೆಗೆ ಎರಡೂ ಇಲ್ಲ. ನೀವು ಈ ಕಾಗದದಲ್ಲಿ ಹೇಳಿದ್ದನ್ನು ಮಾಡಿದರೆ ಇಲ್ಲಿ ಕಲ್ಲು ಬದಲಾಗುತ್ತದೆ, ಆಗ ನಾನು ಕಾಗದ ಬರೆದದ್ದೂ ನನಗೆ ನೆನಪಿರುವುದಿಲ್ಲ ಎಂದು ಅಂಚೆಯವರು ಹೇಳಿದರು. ಇರದಿದ್ದರೆ ಬೇಡ.

ಆದ್ದರಿಂದ ಮಾಡಬೇಕಾದದ್ದನ್ನು ಹೇಳುತ್ತೇನೆ, ಗಮನವಿಟ್ಟು ಓದಿ. ಈ ಕಾಗದ ನಿಮ್ಮ ಕೈ ಸೇರುವುದು ಶುಕ್ರವಾರ. ಕಲ್ಲು ಕೆತ್ತುವವನು ಉಳಿ ಹಿಡಿದು ಬರುವುದು ಸೋಮವಾರ. ನಾಳೆಯೇ ಲೈನಿಗೆ ಹೋಗಿ. ಹಾರ ಒಯ್ಯಬೇಡಿ, ಪಟ ತೆಗೆಯುವವನನ್ನು ಕರೆದೊಯ್ಯಬೇಡಿ, ಸಮಿತಿಯ ಅಧ್ಯಕ್ಷರಂತೂ ಬೇಡವೇ ಬೇಡ. ಎರಡನೇ ಸಾಲಿನ ಕೊನೆಯ ಕಟ್ಟೆಯ ಮೇಲೆ ಇಬ್ಬರು ಮುದುಕಿಯರು ಕೂತಿರುತ್ತಾರೆ. ಅವರಲ್ಲಿ ಕಾಶವ್ವನನ್ನು ಹೆಸರು ಕೇಳಬೇಡಿ, ಪ್ರಾಣ ಹೋದರೂ ಹೇಳುವುದಿಲ್ಲ. ಪಕ್ಕದಲ್ಲಿರುವ ಬೀಬಿಜಾನ್ ಮುಲ್ಲಾ ಎಂಬಾಕೆಯನ್ನು ಕೇಳಿ, ಅದೇ ಖಾತೆಯಲ್ಲಿ ಎರಡನೇ ಪಾಳಿಯಲ್ಲಿದ್ದವಳು. ಆಕೆಗೆ ಆ ಅತ್ತೆಯ ಕಟ್ಟಳೆ ಇಲ್ಲ. ಕಾಶವ್ವ ಸುಮ್ಕಿರು ಎಂದು ಗದರಿದರೆ ಎದ್ದು ಬರಬೇಡಿ, ಗದರುತ್ತಾಳೆ. ಗಿರಣಿ ಇಲ್ಲ, ಆಫೀಸೂ ಇಲ್ಲ, ಯಾರ ಕೆಲಸವೂ ಹೋಗುವುದಿಲ್ಲ ಎಂದು ಮೆಲ್ಲಗೆ ಹೇಳಿ. ಇವತ್ತು ನಾಳೆ ಎನ್ನಬೇಡಿ, ಕಲ್ಲು ನಿಂತ ಮೇಲೆ ಕೇಳಿದರಾಯಿತು ಎನ್ನಬೇಡಿ. ಯಾಕೆ ಎಂದು ಬರೆದರೆ ಅಂಚೆಯವರು ಮಸಿ ಬಳಿಯುತ್ತಾರೆ, ನೀವೇ ತಿಳಿದುಕೊಳ್ಳಿ. ಒಂಬತ್ತನೆಯ ಸಾಲಿನಲ್ಲಿ ಕಾಶವ್ವನ ಹೆಸರು ತೆಗೆದು ಆ ಹೆಸರು ಹಾಕಿಸಿ. ಸುತ್ತಿಗೆಯವನನ್ನು ಈಗಾಗಲೇ ತಂದು ನಿಲ್ಲಿಸಿದ್ದರೆ ಇರಲಿ, ಅವನ ಜೊತೆ ನಾವು ಹೇಗೋ ಏಗುತ್ತೇವೆ.

ಕಾಶವ್ವ ಯಾಕೆ ಬೀಬಿಜಾನಳ ಬಾಯಿ ಮುಚ್ಚಿಸಿದಳು ಎಂದು ನೀವು ಕೇಳಬಹುದು. ಅತ್ತೆಯ ಮೇಲಿನ ಭಯ ಭಕ್ತಿಯಷ್ಟೇ ಅಲ್ಲ ಅದು. ಧ್ವನಿಯ ಕೊನೆಯ ಎರಡು ನಿಮಿಷವನ್ನು ಇಷ್ಟು ಹೊತ್ತು ಬರೆಯದೆ ಇಟ್ಟುಕೊಂಡಿದ್ದೆ. ಮಾನಸಾ ಪ್ರಶ್ನೆಗಳೆಲ್ಲ ಮುಗಿದು ಫೋನು ಆರಿಸುವುದನ್ನು ಮರೆತಿದ್ದಾಳೆ. ಲೋಟ ತೊಳೆಯುವ ಸದ್ದಿದೆ. ಯಾರೂ ಕೇಳದೆ ಕಾಶವ್ವ ತಾನಾಗಿಯೇ ಹೇಳುತ್ತಾಳೆ.

“ಆಕಿ ತಾಯಿ ಬಂದಿದ್ಲವ್ವಾ ಗೇಟಿಗೆ. ಮೂರು ದಿನ ಅಲ್ಲೆ ಕುಂತ್ಲು. ನಿನ್ನ ಮಗಳು ನಮ್ಮ ಪಟ್ಟ್ಯಾಗ ಇಲ್ಲವಾ, ಬ್ಯಾರೆ ಎಲ್ಲೆರ ಹೋಗ್ಯಾಳ ನೋಡು ಅಂತ ಗೇಟಿನವ್ರು ಅಂದು ಕಳಸ್ತಿದ್ರು. ಆಕಿ ಮತ್ತ ಬಂದು ಮಗಳ ಹೆಸರು ಹಿಡಿದು ಒದರಾಕಿ. ಇಡೀ ಲೈನಿಗೆ ಕೇಳ್ತಿತ್ತು. ಒಂದ್ ಸಲ ನಮ್ಮತ್ತಿ ತನ್ನ ಹೆಸರ ಕರದ್ರಂತ ಒಳಗಿಂದ ‘ಓ’ ಅಂದುಬಿಟ್ಲು. ಅಂದು ಬಾಯಿಗೆ ಸೆರಗು ಒತ್ತಿಕೊಂಡ್ಲು. ನಾ ಕೂಸಿಗೆ ಹಾಲು ಕುಡಸ್ಲಿಕ್ಹತ್ತಿದ್ದೆ. ಹೊರಗ ಹೋಗಿ, ಯವ್ವಾ, ನಿನ್ನ ಮಗಳು ಇಲ್ಲೆ ಸುಟ್ಟಳು, ನನ್ನ ಸಲುವಾಗಿ ಸುಟ್ಟಳು ಅಂತ ಹೇಳ್ಬೇಕಿತ್ತು. ಹೋಗ್ಲಿಲ್ಲ. ಬಾಗಲಾ ಹಾಕ್ಕೊಂಡೆ.”

ಮಾಸ್ತರೇ, ಆ ತಾಯಿ ಮೂರು ದಿನ ಆ ಹೆಸರನ್ನು ಗಂಟಲು ಹರಿಯುವಂತೆ ಕೂಗಿ ಹೇಳಿದಳು. ಗೇಟಿನವರು ಕೇಳಿಸಿಕೊಂಡರು, ಲೈನಿನವರು ಕೇಳಿಸಿಕೊಂಡರು, ಒಬ್ಬರೂ ಬರೆದುಕೊಳ್ಳಲಿಲ್ಲ. ನೀವು ಬರೆದುಕೊಳ್ಳಿ.

ಇಂತಿ,
ಬಾನವ್ವ, ಚಪ್ಪರಗಿತ್ತಿ